ವಿಂಡೋಸ್ 11: ಗಟ್ಟಿಮುಟ್ಟಾದ ಹಳೇ ಕಂಪ್ಯೂಟರ್‌ಗೂ ಪ್ರವೇಶವಿಲ್ಲ

ವಿಂಡೋಸ್ 11 ನೋಡಲು ಚೆಂದ, ಓಟವೂ ಸರಾಗ. ಬೇಸರವೆಲ್ಲ ಇನ್‌ಸ್ಟಾಲ್ ಹಂತದ್ದೇ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೂ ಇಂಟೆಲ್‌ನ ಏಳನೇ ತಲೆಮಾರಿನ ಕೋರ್ ಐ7 ಪ್ರೊಸೆಸರ್‌ಗಳಲ್ಲಿ ಬಹುತೇಕ ಎಲ್ಲವೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಿಂದ ಹೊರಗೆ. 4 ಜಿಬಿ ರ‍್ಯಾಮ್‌ನ, ಕಡಿಮೆ ಶಕ್ತಿಯ ಹೊಸ ಸೆಲೆರಾನ್ ಮಾತ್ರ ಸಲೀಸಾಗಿ ಪಾಸು. ಇದು ಖಂಡಿತ ನ್ಯಾಯವಲ್ಲ.

ಪ್ರೊಸೆಸರ್ ಪಟ್ಟಿಯಲ್ಲಿದ್ದೂ 'ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಘಟಕ) ಇಲ್ಲ' ಎಂದು ಬಂದರೆ ಹೊಸ ಯಂತ್ರ ಕೊಳ್ಳಲು ಓಡಬೇಡಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಟಿಪಿಎಂ ಕೆಲಸ ಮಾಡುವ ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಹೆಚ್ಚಾಗಿ ಆಫ್ ಆಗಿರುತ್ತದೆ, ಆನ್ ಮಾಡಿ. ವಿಂಡೋಸ್ 11 ಕೇಳುವ ಇನ್ನೊಂದು ಸೌಲಭ್ಯ ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಶುರುವಾಗಲು ಬಿಡುವುದು). ಅದಕ್ಕೆ ಯುಇಎಫ್‌ಐ, ಅಂದರೆ ಹೊಸ ಬಗೆಯ ಬೂಟ್ ವಿಧಾನ, ಬೇಕು. ಡಿಸ್ಕ್‌ನ ವಿಭಾಗ ವ್ಯವಸ್ಥೆ ಹಳೆಯ ಎಂಬಿಆರ್ ಆಗಿದ್ದರೆ ಮೊದಲು ಬ್ಯಾಕಪ್, ನಂತರ ವಿಂಡೋಸ್‌ನ ಎಂಬಿಆರ್2ಜಿಪಿಟಿ ಸಾಧನ ಓಡಿಸಿ ಹೊಸ ಬಗೆಯ ಜಿಪಿಟಿಗೆ ಬದಲಾವಣೆ, ಆಮೇಲಷ್ಟೇ ಬಯಾಸ್‌ನಲ್ಲಿ ಯುಇಎಫ್‌ಐ. ಈ ಕ್ರಮ ತಪ್ಪಿದರೆ ವಿಂಡೋಸ್ ಬೂಟ್ ಆಗುವುದಿಲ್ಲ.

ಈ ಷರತ್ತುಗಳನ್ನು ತಪ್ಪಿಸಿ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಂಡರೆ ಅಪ್‌ಡೇಟ್‌ಗೆ ಖಾತರಿಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.