ಬಂಧನದ ಪ್ರಕರಣವನ್ನು ಪತ್ತೆಹಚ್ಚಲು ಇ-ಕೋರ್ಟ್ಸ್ ಸೇವೆ

ಬೆಂಗಳೂರಿನಲ್ಲಿ ಆಪ್ತರೊಬ್ಬರ ಬಂಧನವಾಗಿದೆ ಎಂಬ ಸುದ್ದಿ ಬಂದಾಗ ಮನೆಯವರು ಮೊದಲು ಠಾಣೆಯನ್ನೇ ವಿಚಾರಿಸಬೇಕು. ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರದರ್ಶಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುತ್ತದೆ. ಪ್ರಕರಣವು ನ್ಯಾಯಾಲಯ ತಲುಪಿದ ಮೇಲೆ ಮಾತ್ರ ನ್ಯಾಯಾಲಯಗಳ ಪ್ರಕರಣಗಳ ಮಾಹಿತಿ ನೀಡುವ ಇ-ಕೋರ್ಟ್ಸ್ ಜಾಲತಾಣ ನೆರವಿಗೆ ಬರುತ್ತದೆ, ಮತ್ತು ಆ ಹಂತದಲ್ಲಿ ಅದು ನಿಜಕ್ಕೂ ಅಮೂಲ್ಯವಾದ ಉಚಿತ ಸೇವೆ.

ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣಗಳನ್ನು ಆರಿಸಿ, ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ ಮತ್ತು ವರ್ಷವನ್ನು ಕೊಟ್ಟರೆ ಪ್ರಕರಣದ ವಿವರ ದೊರೆಯುತ್ತದೆ. ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಸಿಗುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ದಿನಾಂಕ, ಆದೇಶಗಳು ನೇರವಾಗಿ ಸಿಗುತ್ತವೆ. ಪದೇಪದೇ ವಕೀಲರಿಗೆ ಫೋನ್ ಮಾಡಲು ಸಂಕೋಚಪಡುವ ಕುಟುಂಬಗಳಿಗೆ ಇದು ಎಷ್ಟು ದೊಡ್ಡ ಸಮಾಧಾನವೆಂದು ನಾನು ಕಂಡಿದ್ದೇನೆ.

ಪಕ್ಷಕಾರರ ಹೆಸರಿನಿಂದಲೂ ಹುಡುಕಬಹುದಾದರೂ ಅದನ್ನು ನಾನು ಸಲಹೆ ಮಾಡುವುದಿಲ್ಲ. ಮಂಜುನಾಥ, ಲಕ್ಷ್ಮಿ ಎಂಬಂಥ ಹೆಸರುಗಳು ಊರಿಗೆ ನೂರಾರು ಇರುವಾಗ, ತಂದೆಯ ಹೆಸರು, ವಿಳಾಸ, ಠಾಣೆ ಯಾವುದನ್ನೂ ತಾಳೆ ನೋಡದೆ, ಹುಡುಕಾಟದಲ್ಲಿ ಅದೇ ಹೆಸರು ಕಂಡಿತೆಂದು ಬಾಡಿಗೆದಾರರನ್ನೋ ಮದುವೆಯ ಸಂಬಂಧವನ್ನೋ ತಿರಸ್ಕರಿಸುವುದು ಘೋರ ಅನ್ಯಾಯವಾಗುತ್ತದೆ. ಎಫ್‌ಐಆರ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಬಂಧನವಾಗಿದೆ ಎಂದೂ ಅಲ್ಲ, ಬಂಧನವಾದ ಮಾತ್ರಕ್ಕೆ ಅಪರಾಧ ಸಾಬೀತಾಗಿದೆ ಎಂದೂ ಅಲ್ಲ.

ಠಾಣೆಗಳು ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಲೈಂಗಿಕ ಅಪರಾಧಗಳಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಆದ್ದರಿಂದ ಎಫ್‌ಐಆರ್ ಸಂಖ್ಯೆ ಗೊತ್ತಿಲ್ಲದವರು ಮೊದಲು ರಾಜ್ಯ ಪೊಲೀಸ್ ಜಾಲತಾಣವನ್ನು ನೋಡಿ, ಬಳಿಕ ಇ-ಕೋರ್ಟ್ಸ್ ಜಾಲತಾಣಕ್ಕೆ ಬರುವುದು ಒಳ್ಳೆಯದು.