ಅರಿವಳಿಕೆ ಆವಿ ಹಿಡಿಯುವ ಇದ್ದಿಲು ಡಬ್ಬಿ: ಮೊದಲು ಫ್ಲೋ ಇಳಿಸಿ, ಆಮೇಲೆ ಕೊಳ್ಳಿ

ಅನಸ್ತೀಷಿಯಾ ಮಷೀನಿನಿಂದ ಬಳಸಿದ ಅನಿಲವನ್ನು ಹೊರಗೊಯ್ಯುವ ಸ್ಕ್ಯಾವೆಂಜಿಂಗ್ ಟ್ಯೂಬಿಗೆ ಸಿಕ್ಕಿಸುವ ಇದ್ದಿಲು ಕ್ಯಾನಿಸ್ಟರ್‌ಗಳನ್ನು ಈಗ ‘ಹಸಿರು ಓಟಿ’ (ಆಪರೇಷನ್ ಥಿಯೇಟರ್) ಹೆಸರಲ್ಲಿ ಮಾರುತ್ತಿದ್ದಾರೆ. ಸರಕು ಸುಳ್ಳಲ್ಲ. ಸೆವೊಫ್ಲುರೇನ್ (ಸೆವೊ), ಐಸೊಫ್ಲುರೇನ್ ಎಂಬ ಅರಿವಳಿಕೆಗಳ ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಅನ್ನುವುದು ಮಾತ್ರ ಅನಿಲದ ಹರಿವು ಹೊಂದಿಸುವ ಫ್ಲೋಮೀಟರಿನ ಗುಂಡಿಯ ಕೈಲಿದೆ.

ಲೆಕ್ಕ ಸುಲಭ. ಫ್ರೆಶ್ ಗ್ಯಾಸ್ ಫ್ಲೋ, ಅಂದರೆ ಮಷೀನಿಗೆ ಬರುವ ಹೊಸ ಅನಿಲದ ಹರಿವು (ನಿಮಿಷಕ್ಕೆ ಲೀಟರ್), ಅರಿವಳಿಕೆ ದ್ರವವನ್ನು ಆವಿ ಮಾಡುವ ವೇಪರೈಸರ್ ಡಯಲಿನ ಪರ್ಸೆಂಟ್, 3 — ಈ ಮೂರನ್ನು ಗುಣಿಸಿದರೆ ಗಂಟೆಗೆ ಖರ್ಚಾಗುವ ದ್ರವ ಎಷ್ಟು ಮಿಲಿ ಅಂತ ಸಿಗುತ್ತದೆ. 2 ಲೀಟರ್ ಫ್ಲೋ, 2 ಪರ್ಸೆಂಟ್ ಸೆವೊ ಇಟ್ಟರೆ 12 ಮಿಲಿ, ಅಂದರೆ ಸುಮಾರು 18 ಗ್ರಾಂ. 50 ಗ್ರಾಂ ಹಿಡಿಯುವ ಡಬ್ಬಿ ಮೂರು ಗಂಟೆಗೆಲ್ಲ ಭರ್ತಿ. ಫ್ಲೋ ಅರ್ಧ ಲೀಟರಿಗೆ ಇಳಿಸಿ; ಡಯಲ್ ತುಸು ಏರಿಸಬೇಕಾದರೂ ಅದೇ ಡಬ್ಬಿ ಹತ್ತು ಗಂಟೆಯ ಆಸುಪಾಸು ಬರುತ್ತದೆ. ಆದರೆ ಅರಿವಳಿಕೆ ಆವಿಯ ಪ್ರಮಾಣ ತೋರಿಸುವ ಏಜೆಂಟ್ ಮಾನಿಟರ್, ಆಕ್ಸಿಜನ್ ಅನಲೈಸರ್ ಇಲ್ಲದೆ ಲೋ ಫ್ಲೋಗೆ ಇಳಿಯಬೇಡಿ. ಲೋ ಫ್ಲೋದಲ್ಲಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಬೇಗ ಮುಗಿಯುತ್ತದೆ; ಸೋಡಿಯಂ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಲ್ಲದ ಅಬ್ಸಾರ್ಬೆಂಟ್ ತರಿಸಿದರೆ ಸೆವೊದಿಂದ ಕಾಂಪೌಂಡ್ ಎ ಎಂಬ ಹಾನಿಯ ಶಂಕೆಯಿರುವ ವಸ್ತು ಹುಟ್ಟುವ ಚಿಂತೆಯೂ ತಪ್ಪುತ್ತದೆ.

ಅಳವಡಿಕೆಯಲ್ಲೇ ಎಡವಟ್ಟು ಜಾಸ್ತಿ. ಸ್ಕ್ಯಾವೆಂಜಿಂಗ್ ಕನೆಕ್ಟರ್ ಕೆಲವು ಮಷೀನುಗಳಲ್ಲಿ 30 ಮಿಮೀ, ಕೆಲವು ಹಳೆಯವುಗಳಲ್ಲಿ 19. ಅಡಾಪ್ಟರ್ ಸಿಗದೆ ಜೋಡಣೆಗೆ ಪ್ಲಾಸ್ಟರ್ ಸುತ್ತಿದರೆ ಆವಿ ಅಲ್ಲೇ ಸೋರುತ್ತದೆ. ಹಲವು ಮಾದರಿಗಳಲ್ಲಿ ಗಾಳಿ ಹೊರಹೋಗುವ ತೂತುಗಳು ತಳದಲ್ಲಿವೆ. ಡಬ್ಬಿಯನ್ನು ನೆಲಕ್ಕೆ ಊರಿ ಇಟ್ಟರೆ ಅವು ಮುಚ್ಚಿ, ಬ್ಯಾಗ್ ಉಬ್ಬಿ, ಒತ್ತಡ ರೋಗಿಯ ಶ್ವಾಸಕೋಶಕ್ಕೇ ತಟ್ಟುತ್ತದೆ. ನೇತುಹಾಕಿ. ಹೊಸ ಡಬ್ಬಿಯನ್ನು ತೂಗಿ, ಮೈಮೇಲೆ ಮಾರ್ಕರಿನಲ್ಲಿ ಗ್ರಾಂ ಬರೆದಿಡಿ. ದಿನಕ್ಕೆರಡು ಸಲ ಮತ್ತೆ ತೂಗಿ. ಏರಿದ ತೂಕದಲ್ಲಿ ಉಸಿರಿನ ತೇವವೂ ಸೇರಿರುತ್ತದೆ, ಹಾಗಾಗಿ ಅಷ್ಟೂ ಆವಿಯೇ ಎಂದು ವರದಿಯಲ್ಲಿ ಬರೆದುಕೊಂಡರೆ ಲೆಕ್ಕ ಉಬ್ಬುತ್ತದೆ.

ಡಬ್ಬಿಗೆ ದಕ್ಕದ್ದೂ ಬೇಕಾದಷ್ಟಿದೆ. ರೋಗಿ ರಿಕವರಿ ರೂಮಿನಲ್ಲಿ ಬಿಡುವ ಆವಿ ಅದಕ್ಕೆ ಸಿಗದು. ರೋಗಿಗೆ ಉಸಿರಿನ ಟ್ಯೂಬ್ ಹಾಕುವಾಗ ಫ್ಲೋ ನಿಲ್ಲಿಸದಿದ್ದರೆ ಮಾಸ್ಕಿನ ಬಾಯಿಂದ ಹರಿದದ್ದೂ ಓಟಿಯ ಗಾಳಿಗೇ. ಅರಿವಳಿಕೆಗೆ ಬಳಸುವ ಇನ್ನೊಂದು ಅನಿಲವಾದ ನೈಟ್ರಸ್ ಆಕ್ಸೈಡನ್ನು ಇದ್ದಿಲು ಹಿಡಿಯುವುದೇ ಇಲ್ಲ. ಅದು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಕಾಟ ಕೊಡುವ ಅನಿಲ, ಅದರಲ್ಲೂ ಬಹುಪಾಲು ರೋಗಿಗೆ ಮುಟ್ಟುವ ಮುಂಚೆಯೇ ಸಿಲಿಂಡರ್‌ಗಳನ್ನು ಜೋಡಿಸುವ ಮ್ಯಾನಿಫೋಲ್ಡ್, ಪೈಪ್‌ಲೈನಿನಲ್ಲಿ ಸೋರಿ ಹೋಗುತ್ತದೆ. ಪೈಪ್‌ಲೈನ್ ಬಂದ್ ಮಾಡಿ ಮಷೀನಿಗೇ ಸಣ್ಣ ಸಿಲಿಂಡರ್ ಕಟ್ಟಿದರೆ ಎಷ್ಟೋ ಡಬ್ಬಿಗಳ ಕೆಲಸ ಆಗುತ್ತದೆ. ಡೆಸ್ಫ್ಲುರೇನ್ ಎಂಬ ಮತ್ತೊಂದು ಅರಿವಳಿಕೆಯದು ಸುಮಾರು 2,500 ಪಟ್ಟು. ಯುರೋಪಿಯನ್ ಒಕ್ಕೂಟ ಅದರ ದೈನಂದಿನ ಬಳಕೆಯನ್ನು 2026ರ ಜನವರಿ 1ರಿಂದ ನಿಲ್ಲಿಸಿದೆ. ಅದಕ್ಕೆ ಡಬ್ಬಿ ಹುಡುಕುವ ಬದಲು ವೇಪರೈಸರನ್ನೇ ಇಳಿಸಿಬಿಡಿ.

ತುಂಬಿದ ಡಬ್ಬಿಯನ್ನು ಆಟೋಕ್ಲೇವಿಗೆ ಹಾಕಬೇಡಿ, ಬಿಸಿಯಾದರೆ ಹಿಡಿದ ಆವಿಯನ್ನೆಲ್ಲ ಇದ್ದಿಲು ಬಿಟ್ಟುಕೊಡುತ್ತದೆ. ಮಾರುವವರು ಖಾಲಿ ಡಬ್ಬಿ ತಂದುಕೊಡುವ ಮಾತಷ್ಟೇ ಆಡಿ, ತುಂಬಿದ್ದನ್ನು ವಾಪಸ್ ಒಯ್ಯುವ ಕರಾರಿಗೆ ಸಹಿ ಹಾಕದಿದ್ದರೆ ಆರ್ಡರ್ ಕೊಡುವುದು ಬೇಡ.