ಗಣಿತ ಕ್ಲಾಸಿನಲ್ಲಿ ಪ್ರೊಜೆಕ್ಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಕೇರಳದ ಹೈಟೆಕ್ ಶಾಲಾ ಯೋಜನೆ ಶುರುವಾದದ್ದು 2018ರಲ್ಲಿ. ಎಂಟರಿಂದ ಹನ್ನೆರಡರವರೆಗಿನ 45,000 ಕ್ಲಾಸ್‌ರೂಮುಗಳಿಗೆ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಮೂಲಕ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಕೊಡುವ ಯೋಜನೆ ಅದು. ನಮ್ಮಲ್ಲಿಗೂ ಬಂತು. ಅಂದಿನಿಂದ ಬಳಸುತ್ತಿದ್ದೇನೆ.

ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಜಿಯೋಜೀಬ್ರಾ, ಅಂದರೆ ಗಣಿತದ ಚಿತ್ರ ಬಿಡಿಸಿ ಮೌಸಿನಿಂದ ಅಲ್ಲಾಡಿಸಿ ನೋಡುವ ಸಾಫ್ಟ್‌ವೇರ್. ಹತ್ತನೇ ತರಗತಿಯ ವೃತ್ತದ ಪಾಠವನ್ನೇ ನೋಡಿ. ವ್ಯಾಸದ ಎರಡು ತುದಿಗಳಿಂದ ಒಂದು ಬಿಂದುವಿಗೆ ಗೆರೆ ಎಳೆಯಬೇಕು. ಬಿಂದು ವೃತ್ತದ ಮೇಲಿದ್ದರೆ ಕೋನ 90 ಡಿಗ್ರಿ. ಒಳಗೆ ತಂದರೆ ಜಾಸ್ತಿ, ಹೊರಗೆ ಒಯ್ದರೆ ಕಡಿಮೆ. ಬೋರ್ಡಿನಲ್ಲಾದರೆ ಮೂರು ಚಿತ್ರ ಬಿಡಿಸಿ ಸುಮ್ನೆ ನಂಬಿ ಅನ್ನಬೇಕಿತ್ತು. ಈಗ ಮೌಸನ್ನು ಹಿಂದಿನ ಬೆಂಚಿನ ಹುಡುಗಿಯ ಕೈಗೆ ಕೊಡುತ್ತೇನೆ. ಬಿಂದು ವೃತ್ತದ ಉದ್ದಕ್ಕೂ ಓಡುತ್ತದೆ, 90 ಮಾತ್ರ ಅಲ್ಲಾಡುವುದಿಲ್ಲ. "ಯಾಕೆ ಟೀಚರ್?" ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಆಗ ಪ್ರೊಜೆಕ್ಟರ್ ಆಫ್ ಮಾಡಿ ಚಾಕ್ ಹಿಡಿಯುತ್ತೇನೆ. ಸಾಧನೆ (ಪ್ರೂಫ್) ಬರೆಯುವುದಕ್ಕೆ ಬೋರ್ಡೇ ಬೇಕು. ಪರದೆಯಲ್ಲಿ ಸಾಲುಗಳು ಬೇಗ ಮುಗಿಯುತ್ತವೆ, ಮಕ್ಕಳ ಕೈ ಓಡುವುದಿಲ್ಲ.

ವೀಡಿಯೋ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ನೆಟ್ಟಿನಲ್ಲಿ ಸಿಗುವ ಒಳ್ಳೆಯ ವೀಡಿಯೋಗಳಲ್ಲಿ ನಮ್ಮ ಪುಸ್ತಕಕ್ಕೆ ಸರಿಹೊಂದುವುದು ಹೆಚ್ಚಾಗಿ ಮಲಯಾಳಂನದ್ದು. ಕರ್ನಾಟಕದವರು ಮಾಡಿದ್ದರಲ್ಲಿ ಭಾಷೆ ನಮ್ಮದು, ಪಾಠದ ಕ್ರಮ ಬೇರೆ. ಹಾಗಾಗಿ ಸ್ಪೀಕರ್ ಮ್ಯೂಟ್ ಮಾಡಿ ನಾನೇ ಕನ್ನಡದಲ್ಲಿ ವಿವರಿಸುತ್ತೇನೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ ಮಕ್ಕಳಿವರು. ಇನ್ನೊಂದು ಭಾಷೆಯ ಭಾರ ಹೊರಿಸುವುದು ನ್ಯಾಯವಲ್ಲ, ಅಲ್ವಾ?

ನಿರ್ವಹಣೆ ಬಗ್ಗೆ: ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋಗುವುದು ಮಾಮೂಲು. ಅದಕ್ಕೆ ಯಾವ ಪಾಠವನ್ನೂ ಪೂರ್ತಿ ಪ್ರೊಜೆಕ್ಟರಿಗೆ ಬಿಡಬೇಡಿ. ಬೇಸಿಗೆಯಲ್ಲಿ ಫಿಲ್ಟರಿನ ಧೂಳು ತೆಗೆಯಿರಿ. ಆಫ್ ಮಾಡಿದ ಮೇಲೆ ಒಳಗಿನ ಫ್ಯಾನ್ ನಿಲ್ಲುವವರೆಗೆ ಮೈನ್ ಸ್ವಿಚ್ ಮುಟ್ಟಬೇಡಿ. ಕಿಟಕಿಗೆ ದಪ್ಪ ಪರದೆ ಇಲ್ಲದಿದ್ದರೆ ಮಧ್ಯಾಹ್ನ ತೆಳು ಗೆರೆಗಳು ಕಾಣುವುದೇ ಇಲ್ಲ. ಜಿಯೋಜೀಬ್ರಾದಲ್ಲಿ ಗೆರೆ ದಪ್ಪ ಮಾಡಿ, ಅಕ್ಷರ ದೊಡ್ಡದು ಮಾಡಿ.

ಹೊಸದಾಗಿ ಬರುವ ಗಣಿತ ಶಿಕ್ಷಕರು ವೀಡಿಯೋ ಹುಡುಕುವ ಮೊದಲು ಜಿಯೋಜೀಬ್ರಾ ಕಲಿಯಿರಿ. ಕನ್ನಡದಲ್ಲಿ ಹೆಸರು ಬರೆದು ಮಾಡಿದ ಫೈಲುಗಳಿದ್ದರೆ ಪಕ್ಕದ ಶಾಲೆಯವರಿಗೂ ಕೊಡಿ. ನಾನೂ ಕೊಡುತ್ತಿದ್ದೇನೆ.